ಹಲ್ಲಿನ ಸಾಲು: ಎಲ್ಲಿ ಕಾಯಬೇಕು, ಎಲ್ಲಿ ಕಾಯಬಾರದು

ಏಳೆಂಟು ವರ್ಷದ ಮಗು ಕುರ್ಚಿಯಲ್ಲಿ ಕೂತು ಬಾಯಿ ತೆರೆದಾಗ, ಪಕ್ಕದಲ್ಲಿ ನಿಂತ ಅಪ್ಪ ಅಮ್ಮ ಕೇಳುವುದು ಹೆಚ್ಚುಕಡಿಮೆ ಒಂದೇ ಮಾತು: "ಈಗಲೇ ಕ್ಲಿಪ್ ಹಾಕಿಸಬೇಕಾ ಡಾಕ್ಟ್ರೇ, ಇನ್ನೂ ಕಾಯಬಹುದಾ?" ಇದಕ್ಕೆ ಬಾಯಿಗೆಲ್ಲ ಸೇರಿಸಿ ಒಂದೇ ಉತ್ತರ ಕೊಡಲಾಗುವುದಿಲ್ಲ. ಒಂದು ಮೂಲೆಯಲ್ಲಿ ತಾನಾಗಿ ಸರಿಹೋಗುವ ಓರೆ ಇರುತ್ತದೆ, ಇನ್ನೊಂದು ಮೂಲೆಯಲ್ಲಿ ವರ್ಷ ಕಳೆದರೆ ಕೈ ಮೀರುವ ತೊಂದರೆ ಇರುತ್ತದೆ. ವಕ್ರದಂತ ಚಿಕಿತ್ಸೆಯಲ್ಲಿ ತಂತಿ ಬಗ್ಗಿಸುವುದಕ್ಕಿಂತ ಕಷ್ಟದ ಕೆಲಸ ಈ ಎರಡನ್ನು ಬೇರೆ ಬೇರೆ ಮಾಡಿ ನೋಡುವುದು.

ಎಣಿಕೆ ಮತ್ತು ಸರದಿ

ಹಲ್ಲಿನ ಕೆಲಸ ಮಗು ಹುಟ್ಟುವ ಎಷ್ಟೋ ಮೊದಲೇ ಶುರುವಾಗಿರುತ್ತದೆ. ಗರ್ಭದ ಆರನೇ ವಾರದ ಸುಮಾರಿಗೆ ದವಡೆಯಾಗಲಿರುವ ಜಾಗದಲ್ಲಿ ಹಲ್ಲಿನ ಮೊಗ್ಗುಗಳು ಕಾಣಿಸಿಕೊಳ್ಳುತ್ತವೆ. ನಾಲ್ಕನೇ ತಿಂಗಳಲ್ಲಿ ಹಾಲುಹಲ್ಲುಗಳಿಗೆ ಸುಣ್ಣದಂಶ ಕೂಡಲು ಶುರುವಾಗುತ್ತದೆ. ಹುಟ್ಟುವ ಹೊತ್ತಿಗೆ ಮೊದಲ ಶಾಶ್ವತ ದವಡೆಹಲ್ಲಿನ ತುದಿಯೂ ಗಟ್ಟಿಯಾಗತೊಡಗಿರುತ್ತದೆ. ಎಲ್ಲ ಹಲ್ಲಿಗೂ ಮೊದಲು ಮೇಲಿನ ಕಿರೀಟ ಆಗಬೇಕು, ಆಮೇಲೆ ಬೇರು ಇಳಿಯಬೇಕು. ಶಾಶ್ವತ ಹಲ್ಲು ಒಸಡು ಸೀಳಿ ಹೊರಬರುವಾಗ ಅದರ ಬೇರು ಅರ್ಧದಿಂದ ಮುಕ್ಕಾಲು ಪಾಲು ಮಾತ್ರ ಬೆಳೆದಿರುತ್ತದೆ. ಉಳಿದದ್ದು ಮುಗಿಯಲು ಇನ್ನೂ ಎರಡು ಮೂರು ವರ್ಷ ಬೇಕು. ಹಲ್ಲು ಬಾಯಲ್ಲಿ ಕಾಣಿಸಿತೆಂದ ಮಾತ್ರಕ್ಕೆ ಅದರ ಬೆಳವಣಿಗೆ ಮುಗಿದಿಲ್ಲ ಎಂಬುದನ್ನು ಚಿಕಿತ್ಸೆ ಯೋಜಿಸುವವರು ಯಾವಾಗಲೂ ನೆನಪಿಡಬೇಕು.

ಹಾಲುಹಲ್ಲು ಒಟ್ಟು 20. ಕೆಳಗಿನ ನಡುವಿನ ಎರಡು ಬಾಚಿಹಲ್ಲು 6ರಿಂದ 10 ತಿಂಗಳೊಳಗೆ ಬರುತ್ತವೆ, ಕೊನೆಯ ದವಡೆಹಲ್ಲು ಎರಡೂವರೆ ವರ್ಷದ ಆಸುಪಾಸಿನಲ್ಲಿ. ಮೂರು ತುಂಬುವ ಹೊತ್ತಿಗೆ ಇಪ್ಪತ್ತೂ ಇರಬೇಕು. ಆರು ತಿಂಗಳು ಹಿಂದೆ ಮುಂದೆ ಆದರೆ ಗಾಬರಿ ಬೇಡ. ಆಮೇಲೆ ಮೂರು ವರ್ಷ ಬಾಯಿ ತಣ್ಣಗಿರುತ್ತದೆ, ಹೊರಗೆ ಕಾಣುವಂಥದ್ದೇನೂ ನಡೆಯುವುದಿಲ್ಲ.

ಆರರ ಸುಮಾರಿಗೆ ಎರಡು ಕಡೆ ಚಲನೆ ಶುರು. ಮುಂದೆ ಕೆಳಬಾಚಿ ಅಲ್ಲಾಡುತ್ತದೆ, ಅದು ಎಲ್ಲರಿಗೂ ಗೊತ್ತಾಗುತ್ತದೆ. ಹಿಂದೆ, ಹಾಲಿನ ಕೊನೆಯ ದವಡೆಹಲ್ಲಿನ ಬೆನ್ನಿಗೆ, ಮೊದಲ ಶಾಶ್ವತ ದವಡೆಹಲ್ಲು ಸದ್ದಿಲ್ಲದೆ ಬರುತ್ತದೆ. ಅದಕ್ಕಾಗಿ ಯಾವ ಹಲ್ಲೂ ಬೀಳುವುದಿಲ್ಲವಾದ್ದರಿಂದ ಮನೆಯವರು ಅದನ್ನೂ ಹಾಲುಹಲ್ಲೆಂದೇ ತಿಳಿಯುತ್ತಾರೆ. ಹುಳುಕು ಹಿಡಿದರೂ "ಬಿದ್ದು ಹೋಗುವ ಹಲ್ಲು ತಾನೆ" ಎಂದು ಬಿಡುತ್ತಾರೆ. ಮಕ್ಕಳ ಬಾಯಲ್ಲಿ ಕಾಣುವ ಅತಿ ದುಬಾರಿ ತಪ್ಪು ತಿಳಿವಳಿಕೆ ಇದು. ಮೇಲಿನ ಮತ್ತು ಕೆಳಗಿನ ಸಾಲು ಹೇಗೆ ಕೂಡುತ್ತವೆ ಎಂಬುದನ್ನು ನಾವು ಅಳೆಯುವುದೇ ಆ ಹಲ್ಲಿನಿಂದ. ಮೇಲಿನ ಮೊದಲ ದವಡೆಹಲ್ಲಿನ ಮುಂದಿನ ಹೊರ ಏಣು, ಕೆಳಗಿನ ಮೊದಲ ದವಡೆಹಲ್ಲಿನ ಹೊರ ಗೀರಿನಲ್ಲಿ ಕೂರಬೇಕು. ಅಮೆರಿಕದ ದಂತವೈದ್ಯ ಎಡ್ವರ್ಡ್ ಆ್ಯಂಗಲ್ 1899ರಲ್ಲಿ ಹಾಕಿಕೊಟ್ಟ ಈ ಗುರುತನ್ನೇ ಇಂದಿಗೂ ಎಲ್ಲರೂ ಬಳಸುತ್ತಾರೆ.

ಆಮೇಲೆ 7ರಿಂದ 9ರೊಳಗೆ ಬಾಚಿಹಲ್ಲುಗಳು. 9-10ಕ್ಕೆ ಕೆಳಗಿನ ಕೋರೆ. 10ರಿಂದ 12ರೊಳಗೆ ಕೋರೆಯ ಹಿಂದಿನ ಕಿರುದವಡೆಗಳು. 11-12ಕ್ಕೆ ಮೇಲಿನ ಕೋರೆ. 12ರ ಸುಮಾರಿಗೆ ಎರಡನೇ ದವಡೆಹಲ್ಲು. ಬುದ್ಧಿಹಲ್ಲಿನ ಮಾತು 17 ಕಳೆದ ಮೇಲೆ.

ಈ ವಯಸ್ಸುಗಳನ್ನು ಬಾಯಿಪಾಠ ಮಾಡುವುದಕ್ಕಿಂತ ಎರಡು ವಿಷಯ ನೋಡುವುದು ಹೆಚ್ಚು ಉಪಯೋಗ: ಎಡ ಬಲ ಒಟ್ಟಿಗೆ ಸಾಗುತ್ತಿವೆಯೇ, ಸರದಿ ತಪ್ಪಿದೆಯೇ. ಒಂದು ಕಡೆಯ ಹಲ್ಲು ಬಂದು ಆರು ತಿಂಗಳಾದರೂ ಇನ್ನೊಂದು ಕಡೆಯ ಜೊತೆಗಾರ ಕಾಣದಿದ್ದರೆ ಎಕ್ಸ್-ರೇ ತೆಗೆಯಲೇಬೇಕು. ಮೇಲಿನ ಪಕ್ಕದ ಬಾಚಿಹಲ್ಲು ಬಂದು, ನಡುವಿನದು ಇನ್ನೂ ಬಂದಿಲ್ಲವೆಂದರೂ ಅಷ್ಟೇ. ನಡುವಿನ ಹಲ್ಲಿನ ದಾರಿಗೆ ಅಡ್ಡಲಾಗಿ ಮೂಳೆಯೊಳಗೆ ಒಂದು ಹೆಚ್ಚುವರಿ ಪುಟ್ಟ ಹಲ್ಲು ಕೂತಿರುವ ಸಾಧ್ಯತೆ ಇರುತ್ತದೆ. ಎಲ್ಲ ಹಲ್ಲೂ ತಡವಾಗಿ, ಆದರೆ ಸರದಿಯಲ್ಲಿ, ಎರಡೂ ಕಡೆ ಸಮವಾಗಿ ಬರುತ್ತಿದ್ದರೆ ಆ ಮಗುವಿನ ಗಡಿಯಾರವೇ ನಿಧಾನ, ಅಷ್ಟೇ.

ಕೈ ಹಾಕದೆ ಬಿಡಬೇಕಾದವು

ಕೆಳಬಾಚಿ ಹಾಲುಹಲ್ಲಿನ ಹಿಂದೆ, ನಾಲಿಗೆಯ ಕಡೆಯಿಂದ ಎರಡನೇ ಸಾಲಾಗಿ ಬಂದದ್ದನ್ನು ಕಂಡು ಗಾಬರಿಯಿಂದ ಬರುವವರು ತುಂಬ. ಕೆಳಗಿನ ಶಾಶ್ವತ ಬಾಚಿಯ ಮೊಗ್ಗು ಇರುವುದೇ ಹಾಲುಹಲ್ಲಿನ ಒಳಬದಿಗೆ. ಅದು ಅಲ್ಲಿಂದಲೇ ಮೇಲೇರುವುದು ಸಹಜ. ಹಾಲುಹಲ್ಲು ಅಲ್ಲಾಡುತ್ತಿದ್ದರೆ ಮಗುವೇ ದಿನಾ ಅಲ್ಲಾಡಿಸಿ ಬೀಳಿಸಿಕೊಳ್ಳಲಿ. ಅದು ಬಿದ್ದ ಮೇಲೆ ನಾಲಿಗೆಯ ಒತ್ತಡ ಹೊಸ ಹಲ್ಲನ್ನು ಮುಂದಕ್ಕೆ ತಳ್ಳುತ್ತದೆ. ಹೊಸ ಹಲ್ಲು ಬಹಳಷ್ಟು ಏರಿದ್ದರೂ ಹಳೆಯದು ಕಲ್ಲಿನಂತೆ ಕೂತಿದ್ದರೆ ಮಾತ್ರ ತೆಗೆಸಬೇಕಾಗುತ್ತದೆ. ಮೇಲಿನ ಬಾಚಿ ಒಳಗಿನಿಂದ ಬಂದರೆ ಮಾತು ಬೇರೆ. ಅಲ್ಲಿ ಹಾಲುಹಲ್ಲನ್ನು ಬೇಗ ತೆಗೆಸದಿದ್ದರೆ ಹೊಸದು ಕೆಳಸಾಲಿನ ಹಿಂದೆ ಸಿಕ್ಕಿಹಾಕಿಕೊಳ್ಳಬಹುದು.

ಎಂಟು ಒಂಬತ್ತರ ವಯಸ್ಸಿನಲ್ಲಿ ಮೇಲಿನ ನಾಲ್ಕು ಬಾಚಿಹಲ್ಲು ಬೀಸಣಿಗೆಯ ಕಡ್ಡಿಗಳಂತೆ ಹರಡಿ, ನಡುವೆ ಸಂದು ಬಿಟ್ಟುಕೊಂಡು ನಿಲ್ಲುತ್ತವೆ. ನೋಡಲು ಚೆನ್ನಾಗಿರುವುದಿಲ್ಲ, ಫೋಟೋ ತೆಗೆದಾಗ ಮನೆಯವರಿಗೆ ಚಿಂತೆಯಾಗುತ್ತದೆ. ಆ ಹೊತ್ತಿಗೆ ಮೇಲಿನ ಕೋರೆಹಲ್ಲುಗಳು ಮೂಳೆಯೊಳಗೆ ಇಳಿಯುತ್ತಾ ಪಕ್ಕದ ಬಾಚಿಯ ಬೇರಿನ ಮಗ್ಗುಲಲ್ಲಿ ಇರುತ್ತವೆ. ಬೇರುಗಳು ನಡುವಿಗೆ ಒತ್ತಿದಾಗ ಕಿರೀಟಗಳು ಹೊರಕ್ಕೆ ವಾಲುತ್ತವೆ. ಕೋರೆ ಪೂರ್ತಿ ಇಳಿದ ಮೇಲೆ ಒತ್ತಡದ ಜಾಗ ಬದಲಾಗಿ, 2 ಮಿಲಿಮೀಟರ್‌ವರೆಗಿನ ನಡುಸಂದು ಸಾಮಾನ್ಯವಾಗಿ ತಾನೇ ಮುಚ್ಚಿಕೊಳ್ಳುತ್ತದೆ. ಈ ಹಂತದಲ್ಲಿ ರಬ್ಬರ್ ಹಾಕಿ ಬಾಚಿಗಳನ್ನು ನೆಟ್ಟಗೆ ಎಳೆಯುವುದು ಅಪಾಯ: ಪಕ್ಕದ ಬಾಚಿಯ ಬೇರು ನೇರವಾಗಿ ಕೋರೆಯ ಕಿರೀಟಕ್ಕೆ ಹೋಗಿ ಒತ್ತಿಕೊಂಡು ಕರಗಬಹುದು. ಔಷಧಿ ಅಂಗಡಿಯ ರಬ್ಬರ್ ಬ್ಯಾಂಡನ್ನು ಮನೆಯಲ್ಲೇ ಎರಡು ಹಲ್ಲಿಗೆ ಸುತ್ತುವುದಂತೂ ಕೂಡದು. ಬಾಚಿಹಲ್ಲಿನ ಬೇರು ತನ್ನ ತುದಿಯ ಕಡೆಗೆ ಕಿರಿದಾಗುವುದರಿಂದ ಬ್ಯಾಂಡು ಒಸಡಿನೊಳಗೆ ಜಾರಿ, ಬೇರಿನ ಉದ್ದಕ್ಕೂ ಏರಿ, ಹಿಡಿದಿರುವ ನಾರನ್ನೆಲ್ಲ ಕೊಯ್ದುಬಿಡುತ್ತದೆ. ಹಾಗೆ ಕಳಚಿ ಬಂದ ಒಳ್ಳೆಯ ಹಲ್ಲನ್ನು ಉಳಿಸುವುದು ಬಹಳ ಕಷ್ಟ.

ಕೆಳಬಾಚಿಗಳಲ್ಲಿ ಎಂಟರ ವಯಸ್ಸಿನಲ್ಲಿ ಕಾಣುವ 2 ಮಿಲಿಮೀಟರ್‌ನಷ್ಟು ಇಕ್ಕಟ್ಟೂ ಇದೇ ಗುಂಪಿನದು. ಶಾಶ್ವತ ಬಾಚಿಗಳು ಹಾಲಿನವಕ್ಕಿಂತ ಅಗಲ. ಆದರೆ ಹಿಂದೆ ಹಾಗಲ್ಲ: ಹಾಲಿನ ದವಡೆಹಲ್ಲುಗಳಿಗಿಂತ ಅವುಗಳ ಜಾಗಕ್ಕೆ ಬರುವ ಕಿರುದವಡೆಗಳು ಸಣ್ಣವು. ಹೀಗೆ ಕೆಳಗೆ ಒಂದೊಂದು ಕಡೆ ಸರಾಸರಿ 1.7 ಮಿಲಿಮೀಟರ್, ಮೇಲೆ 0.9 ಮಿಲಿಮೀಟರ್ ಜಾಗ ಉಳಿಯುತ್ತದೆ. ಬಿಟ್ಟರೆ ಈ ಜಾಗವನ್ನು ಮೊದಲ ದವಡೆಹಲ್ಲು ಮುಂದಕ್ಕೆ ಜಾರಿ ತಿಂದುಹಾಕುತ್ತದೆ. ಕೊನೆಯ ಹಾಲುದವಡೆ ಬೀಳುವ ಮೊದಲೇ ಎರಡು ದವಡೆಹಲ್ಲಿಗೆ ಬ್ಯಾಂಡ್ ಎಂಬ ಲೋಹದ ಪಟ್ಟಿ ಕೂರಿಸಿ, ನಾಲಿಗೆಯ ಬದಿಯಿಂದ ಒಂದು ತಂತಿಯ ಬಿಲ್ಲು ಹಾಕಿದರೆ ಆ ಜಾಗ ಬಾಚಿಗಳಿಗೆ ಸಿಗುತ್ತದೆ. ಇಷ್ಟು ಸಣ್ಣ ಉಪಕರಣದಿಂದ ಹಲವು ಮಕ್ಕಳಿಗೆ ಕೆಳಸಾಲಿನ ದೊಡ್ಡ ಚಿಕಿತ್ಸೆಯೇ ಬೇಕಾಗುವುದಿಲ್ಲ. ನನ್ನ ಮಟ್ಟಿಗೆ ಇದು ಈ ವಿದ್ಯೆಯಲ್ಲೇ ಅತಿ ಜಾಣ ಉಪಾಯ. ಸಮಯಕ್ಕೆ ಸರಿಯಾಗಿ ಬಾಯಿ ನೋಡಿದವರಿಗೆ ಮಾತ್ರ ಸಿಗುವಂಥದ್ದು.

ಕಾಯಿಸಬಾರದವು

ಮೊದಲನೆಯದು ಅಡ್ಡ ಕಚ್ಚು, ಅಂದರೆ ಕ್ರಾಸ್‌ಬೈಟ್. ಮೇಲಿನ ಹಲ್ಲು ಕೆಳಗಿನದರ ಹೊರಗಿರಬೇಕಾದಲ್ಲಿ ಒಳಗಿರುತ್ತದೆ. ಪರೀಕ್ಷೆ ಮಾಡುವಾಗ ಮಗುವಿಗೆ ಬಾಯಿ ದೊಡ್ಡದಾಗಿ ತೆರೆದು, ನಾಲಿಗೆಯ ತುದಿಯನ್ನು ಅಂಗುಳದ ಹಿಂಭಾಗಕ್ಕೆ ಒತ್ತಿ, ಮೆಲ್ಲಗೆ ಮುಚ್ಚಲು ಹೇಳುತ್ತೇವೆ. ಮೊದಲ ಹಲ್ಲು ತಾಗಿದ ಕ್ಷಣ ಗದ್ದ ಎಲ್ಲಿದೆ, ಪೂರ್ತಿ ಕಚ್ಚಿದಾಗ ಎಲ್ಲಿಗೆ ಹೋಯಿತು ನೋಡಬೇಕು. ತಾಗಿದ ಮೇಲೆ ದವಡೆ ಒಂದು ಕಡೆಗೆ ಜಾರಿದರೆ, ಬೆಳೆಯುವ ಮಗು ದಿನವಿಡೀ ಓರೆ ಕಚ್ಚಿನಲ್ಲೇ ಇರುತ್ತದೆ. ಮುಖವೂ ಅದಕ್ಕೆ ತಕ್ಕಂತೆ ಓರೆಯಾಗಿ ಬೆಳೆಯಬಹುದು. ಮೇಲಿನ ದವಡೆ ಕಿರಿದಾಗಿದ್ದರೆ ನಡುವೆ ತಿರುಪು ಇರುವ ಹಿಗ್ಗಿಸುವ ಉಪಕರಣ ಹಾಕುತ್ತೇವೆ. ಕೀಲಿಯಿಂದ ಒಂದು ಸಲ ಕಾಲು ಸುತ್ತು ತಿರುಗಿಸಿದರೆ 0.25 ಮಿಲಿಮೀಟರ್ ಹಿಗ್ಗುತ್ತದೆ; ವೇಗದ ಕ್ರಮದಲ್ಲಿ ದಿನಕ್ಕೆ ಎರಡು ಸಲ. ಕೆಲವೇ ದಿನಗಳಲ್ಲಿ ಮೇಲಿನ ನಡುವಿನ ಎರಡು ಹಲ್ಲಿನ ಮಧ್ಯೆ ಸಂದು ಬೀಳುತ್ತದೆ. ಅದನ್ನು ಮೊದಲೇ ಹೇಳಿರದಿದ್ದರೆ ಮನೆಯವರು ಕಂಗಾಲಾಗುತ್ತಾರೆ. ನಿಜವಾಗಿ ಅದು ಅಂಗುಳದ ನಡುವೆ ಎರಡು ಮೂಳೆಗಳು ಕೂಡುವ ಹೊಲಿಗೆ ತೆರೆದಿದೆ ಎಂಬ ಒಳ್ಳೆಯ ಸೂಚನೆ. ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಹಿಗ್ಗಿಸಿ, ತಿರುಪನ್ನು ಭದ್ರಪಡಿಸಿ, 3ರಿಂದ 6 ತಿಂಗಳು ಹಾಗೇ ಬಿಡಬೇಕು. ಹೊಸ ಮೂಳೆ ತುಂಬುವ ಮೊದಲೇ ಬಿಚ್ಚಿದರೆ ಗಳಿಸಿದ್ದೆಲ್ಲ ಹಿಂದಕ್ಕೆ ಹೋಗುತ್ತದೆ. ಹದಿಹರೆಯ ಮುಗಿಯುವ ಹೊತ್ತಿಗೆ ಆ ಹೊಲಿಗೆ ಹೆಣೆದುಕೊಂಡಿರುತ್ತದೆ. ಆಗ ಇದೇ ತಿರುಪು ಮೂಳೆಯನ್ನು ಬಿಟ್ಟು ಹಲ್ಲನ್ನಷ್ಟೇ ಹೊರಕ್ಕೆ ವಾಲಿಸುತ್ತದೆ.

ಎರಡನೆಯದು ಮೇಲಿನ ಕೋರೆ. ಇದು ಹುಟ್ಟುವುದು ಬಹಳ ಎತ್ತರದಲ್ಲಿ, ಮೂಗಿನ ಪಕ್ಕ. ಬರಬೇಕಾದ ದಾರಿ ಬೇರೆಲ್ಲ ಹಲ್ಲಿಗಿಂತ ಉದ್ದ. ದಾರಿ ತಪ್ಪಿದರೆ ಹೆಚ್ಚಾಗಿ ಅಂಗುಳದ ಕಡೆಗೆ ತಿರುಗುತ್ತದೆ. ನೂರರಲ್ಲಿ ಒಬ್ಬರಿಬ್ಬರಿಗೆ ಹೀಗಾಗುತ್ತದೆ. ಒಂಬತ್ತು ಹತ್ತರ ವಯಸ್ಸಿನಲ್ಲಿ ಹಾಲುಕೋರೆಯ ಬೇರಿನ ಮೇಲೆ, ತುಟಿಯ ಒಳಬದಿಯಲ್ಲಿ ತೋರುಬೆರಳಿನಿಂದ ಸವರಿದರೆ ಉಬ್ಬು ಕೈಗೆ ಸಿಗಬೇಕು. ಎರಡೂ ಕಡೆ ಸಿಗದಿದ್ದರೆ, ಅಥವಾ ಒಂದು ಕಡೆ ಸಿಕ್ಕಿ ಇನ್ನೊಂದು ಕಡೆ ಸಿಗದಿದ್ದರೆ ಎಕ್ಸ್-ರೇ. ದಾರಿ ತಪ್ಪಿದೆ ಎಂದು ಗೊತ್ತಾದರೆ 10ರಿಂದ 13ರೊಳಗೆ ಹಾಲುಕೋರೆಯನ್ನು ತೆಗೆಸುವುದೇ ಮೊದಲ ಹೆಜ್ಜೆ. ಎರಿಕ್ಸನ್ ಮತ್ತು ಕ್ಯೂರಾಲ್ 1988ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೀಗೆ ತೆಗೆದಾಗ 78 ಶೇಕಡಾ ಕೋರೆಗಳು ಸರಿದಾರಿಗೆ ಬಂದವು. ಕೋರೆಯ ತುದಿ ಪಕ್ಕದ ಬಾಚಿಯ ಬೇರಿನ ನಡುಗೆರೆಯನ್ನು ದಾಟಿರದಿದ್ದರೆ 91 ಶೇಕಡಾ, ದಾಟಿದ್ದರೆ 64 ಶೇಕಡಾ. ಒಂದು ಸಣ್ಣ ಹಾಲುಹಲ್ಲು ಕೀಳುವ ಕೆಲಸ. ಇದನ್ನು ತಪ್ಪಿಸಿಕೊಂಡರೆ ಹದಿನೈದರ ವಯಸ್ಸಿನಲ್ಲಿ ಒಸಡು ತೆರೆದು, ಮೂಳೆ ಬಿಡಿಸಿ, ಹಲ್ಲಿಗೆ ಚಿನ್ನದ ಸರಪಳಿ ಅಂಟಿಸಿ, ಒಂದು ವರ್ಷಕ್ಕೂ ಹೆಚ್ಚು ಕಾಲ ಎಳೆಯಬೇಕಾಗುತ್ತದೆ. ಕೆಲವೊಮ್ಮೆ ಅಷ್ಟರಲ್ಲೇ ಆ ಕೋರೆ ಪಕ್ಕದ ಬಾಚಿಯ ಬೇರನ್ನು ಕರಗಿಸಿಬಿಟ್ಟಿರುತ್ತದೆ, ನೋವೇ ಇಲ್ಲದೆ.

ಹಾಲಿನ ಎರಡನೇ ದವಡೆಹಲ್ಲನ್ನು ಹುಳುಕಿನಿಂದ ಬೇಗ ಕೀಳಿಸಿದರೆ ಹಿಂದಿನ ಶಾಶ್ವತ ದವಡೆಹಲ್ಲು ಆ ಖಾಲಿಗೆ ವಾಲುತ್ತದೆ. ಹೆಚ್ಚು ಜಾಗ ಹೋಗುವುದು ಮೊದಲ ಆರು ತಿಂಗಳಲ್ಲೇ. ಆದ್ದರಿಂದ ಜಾಗ ಕಾಯುವ ಉಪಕರಣದ ಮಾತು ಕೀಳುವ ದಿನವೇ ಆಗಬೇಕು. ಕೆಳಗಿನ ಕಿರುದವಡೆ ಮೂಳೆ ದಾಟಿ ಒಸಡಿನ ಹೊಸ್ತಿಲಿಗೆ ಬಂದಿದೆ ಎಂದು ಎಕ್ಸ್-ರೇ ತೋರಿಸಿದರೆ ಮಾತ್ರ ಬೇಡ.

ಹಾಲುದವಡೆ ಅಕ್ಕಪಕ್ಕದ ಹಲ್ಲಿಗಿಂತ ತಗ್ಗಾಗಿ, ಮುಳುಗಿದಂತೆ ಕಂಡರೆ ಅದರ ಬೇರು ಮೂಳೆಗೆ ಬೆಸೆದುಕೊಂಡಿದೆ ಎಂದರ್ಥ. ಕೆಳಗೆ ಶಾಶ್ವತ ಹಲ್ಲು ಇದ್ದರೆ ಸಾಮಾನ್ಯವಾಗಿ ತುಸು ತಡವಾಗಿ ತಾನೇ ಬೀಳುತ್ತದೆ. ಕೆಳಗೆ ಹಲ್ಲೇ ಇಲ್ಲದಿದ್ದರೆ ತೀರ್ಮಾನವನ್ನು ಬೇಗ ಮಾಡಬೇಕು. ಬುದ್ಧಿಹಲ್ಲನ್ನು ಬಿಟ್ಟರೆ ಹುಟ್ಟಿನಿಂದಲೇ ಇಲ್ಲದಿರುವ ಹಲ್ಲುಗಳಲ್ಲಿ ಕೆಳಗಿನ ಎರಡನೇ ಕಿರುದವಡೆ ಮತ್ತು ಮೇಲಿನ ಪಕ್ಕದ ಬಾಚಿ ಮುಂದಿನ ಸ್ಥಾನದಲ್ಲಿವೆ.

ಬೆರಳು ಚೀಪುವುದು ಎಷ್ಟು ಜೋರಾಗಿ ಎಂಬುದಕ್ಕಿಂತ ಎಷ್ಟು ಹೊತ್ತು ಎಂಬುದರ ಮೇಲೆ ಹಾನಿ ನಿಂತಿದೆ. ದಿನಕ್ಕೆ ಹತ್ತು ನಿಮಿಷ ಚೀಪುವ ಮಗುವಿಗೆ ಏನೂ ಆಗದು. ರಾತ್ರಿಯಿಡೀ ಬೆರಳು ಬಾಯಲ್ಲೇ ಇದ್ದರೆ ಮೇಲಿನ ಬಾಚಿ ಉಬ್ಬುತ್ತವೆ, ಮುಂದೆ ಕಚ್ಚು ಕೂಡುವುದಿಲ್ಲ, ಮೇಲಿನ ಸಾಲು ಕಿರಿದಾಗುತ್ತದೆ. ಶಾಶ್ವತ ಬಾಚಿ ಬರುವ ಮೊದಲು ನಿಂತರೆ ಬಹಳಷ್ಟು ಸರಿಹೋಗುತ್ತದೆ. ಬೈಗುಳದಿಂದ ಯಾರೂ ಬಿಟ್ಟದ್ದಿಲ್ಲ. ಮಗುವಿಗೇ ಬಿಡಬೇಕು ಅನ್ನಿಸಿದಾಗ ರಾತ್ರಿ ಮೊಣಕೈಗೆ ಬಟ್ಟೆ ಸುತ್ತುವುದರಿಂದ ಸಹಾಯವಾಗುತ್ತದೆ, ಏಕೆಂದರೆ ಕೈ ಮಡಚಿ ಬಾಯಿಗೆ ಒಯ್ಯುವುದು ಕಷ್ಟವಾಗುತ್ತದೆ.

ಮೇಲಿನ ಹಲ್ಲು ತೀರಾ ಮುಂದಿದ್ದು, ಕೆಳದವಡೆ ಹಿಂದಿರುವ ಮಕ್ಕಳ ಬಗ್ಗೆ ಮಾತ್ರ ಆತುರ ಬೇಡ ಎಂಬುದೇ ನನ್ನ ನಿಲುವು. ಕೆಳದವಡೆಯನ್ನು ಮುಂದಕ್ಕೆ ಹಿಡಿಯುವ ಟ್ವಿನ್ ಬ್ಲಾಕ್‌ನಂಥ ಉಪಕರಣವನ್ನು ಮಗು ಒಮ್ಮೆಲೇ ಎತ್ತರ ಬೆಳೆಯುವ ವಯಸ್ಸಿನಲ್ಲೇ ಹಾಕಿದರೆ ಒಂದೇ ಸುತ್ತಿನಲ್ಲಿ ಕೆಲಸ ಮುಗಿಯುತ್ತದೆ. ಎಂಟಕ್ಕೇ ಶುರುಮಾಡಿದವರು ಕೊನೆಯಲ್ಲಿ ಹೆಚ್ಚೇನೂ ಗಳಿಸುವುದಿಲ್ಲ, ಮಗುವಿನ ತಾಳ್ಮೆ ಮಾತ್ರ ಮೊದಲೇ ಖರ್ಚಾಗಿರುತ್ತದೆ. ಬಿದ್ದು ಮುಂದಿನ ಹಲ್ಲು ಮುರಿದುಕೊಳ್ಳುವ ಅಪಾಯ ಕಣ್ಣಿಗೆ ಕಾಣುವಷ್ಟಿದ್ದರೆ, ಇಲ್ಲವೇ ಶಾಲೆಯಲ್ಲಿ ಮಗುವನ್ನು ಆಡಿಕೊಳ್ಳುತ್ತಿದ್ದರೆ ಬೇಗ ಶುರುಮಾಡುವುದಕ್ಕೆ ಅರ್ಥವಿದೆ. ಇದಕ್ಕೆ ಉಲ್ಟಾ, ಮೇಲ್ದವಡೆಯೇ ಹಿಂದುಳಿದು ಕೆಳಹಲ್ಲು ಮುಂದೆ ಬಂದಿದ್ದರೆ, ಮುಖಕ್ಕೆ ಆತು ಎಳೆಯುವ ಫೇಸ್ ಮಾಸ್ಕ್ ಚೆನ್ನಾಗಿ ಕೆಲಸ ಮಾಡುವುದು ಹತ್ತರ ಒಳಗೆ.

ದಾಖಲೆ ಮತ್ತು ಲೆಕ್ಕ

ಶಾಶ್ವತ ಹಲ್ಲುಗಳು ಬಹುಪಾಲು ಬಂದ ಮೇಲೆ ಪೂರ್ತಿ ಕ್ಲಿಪ್‌ನ ಮಾತು. ಎರಡು ದವಡೆಯ ಅಚ್ಚು ಅಥವಾ ಸ್ಕ್ಯಾನ್, ಇಡೀ ಬಾಯಿಯ ಓಪಿಜಿ ಎಕ್ಸ್-ರೇ, ತಲೆಯ ಪಕ್ಕದ ನೋಟದ ಸೆಫಲೋಗ್ರಾಂ, ಮುಖ ಮತ್ತು ಬಾಯಿಯ ಫೋಟೋ ಬೇಕು. ಓಪಿಜಿ ಇಲ್ಲದೆ ಕ್ಲಿಪ್ ಹಾಕುತ್ತೇವೆ ಎನ್ನುವವರ ಹತ್ತಿರ ಹಾಕಿಸಬೇಡಿ.

ಅಚ್ಚಿನ ಮೇಲೆ ಲೆಕ್ಕ ಸರಳ: ಇರುವ ಜಾಗ ಎಷ್ಟು, ಹಲ್ಲುಗಳ ಒಟ್ಟು ಅಗಲ ಎಷ್ಟು. ಕೊರತೆ 4 ಮಿಲಿಮೀಟರ್‌ನೊಳಗಿದ್ದರೆ ಹಲ್ಲು ಕೀಳುವ ಅಗತ್ಯ ಬರುವುದು ಅಪರೂಪ. ಹಲ್ಲಿನ ಪಕ್ಕಗಳನ್ನು ಒಂದೊಂದು ಬದಿಗೆ ಕಾಲು ಮಿಲಿಮೀಟರ್ ತೇಯ್ದೋ, ಸಾಲನ್ನು ತುಸು ಅಗಲಿಸಿಯೋ ಜಾಗ ಮಾಡಬಹುದು. 10 ಮಿಲಿಮೀಟರ್ ದಾಟಿದರೆ ಸಾಮಾನ್ಯವಾಗಿ ಕಿರುದವಡೆ ತೆಗೆಸಲೇಬೇಕು. ಕಷ್ಟ ಇರುವುದು ನಡುವಿನ 5ರಿಂದ 9ರಲ್ಲಿ. ಅಲ್ಲಿ ತುಟಿ ಎಷ್ಟು ಉಬ್ಬಿದೆ, ಒಸಡು ಎಷ್ಟು ತೆಳು, ಮುಖ ಉದ್ದವೋ ಗಿಡ್ಡವೋ ಎಂಬುದು ತೀರ್ಮಾನಿಸುತ್ತದೆ. "ಹಲ್ಲು ಕೀಳದೇ ಮಾಡಿಕೊಡಿ" ಎಂಬ ಬೇಡಿಕೆ ನ್ಯಾಯವಾದದ್ದೇ. ಆದರೆ ಜಾಗವಿಲ್ಲದ ದವಡೆಯಲ್ಲಿ ಎಲ್ಲವನ್ನೂ ತುರುಕಿ ಸಾಲು ಮಾಡಿದರೆ ಕೆಳಬಾಚಿಗಳು ಮೂಳೆಯ ಅಂಚಿಗೆ ಹೋಗಿ, ಕೆಲವು ವರ್ಷಕ್ಕೆ ಒಸಡು ಇಳಿದು ಬೇರು ಕಾಣತೊಡಗಬಹುದು.

ಕ್ಲಿಪ್ ಶುರುಮಾಡುವ ಮುನ್ನ ಹುಳುಕು ತುಂಬಿಸಿ, ಹಲ್ಲು ಸ್ವಚ್ಛ ಮಾಡಿಸಿರಬೇಕು. ಒಸಡಿನಿಂದ ರಕ್ತ ಬರುತ್ತಿರುವಾಗ ಬ್ರ್ಯಾಕೆಟ್, ಅಂದರೆ ತಂತಿ ಹಿಡಿಯಲು ಹಲ್ಲಿನ ಮೇಲೆ ಕೂರಿಸುವ ಪುಟ್ಟ ತುಂಡು, ಅಂಟಿಸಬಾರದು.

ಅಂಟಿಸುವ ದಿನ

ದವಡೆಹಲ್ಲಿಗೆ ಬ್ಯಾಂಡ್ ಬೇಕಿದ್ದರೆ ಒಂದು ವಾರ ಮೊದಲೇ ಹಲ್ಲುಗಳ ಸಂದಿಗೆ ಸಣ್ಣ ರಬ್ಬರ್ ಉಂಗುರ ಹಾಕುತ್ತೇವೆ. ಆ ವಾರದ ಅಗಿಯುವ ನೋವು ಕ್ಲಿಪ್ಪಿನ ನೋವಿಗಿಂತ ಹೆಚ್ಚು ಎಂದು ಬಹಳ ಮಂದಿ ಹೇಳುತ್ತಾರೆ.

ಅಂಟಿಸುವ ಕೆಲಸವೆಲ್ಲ ಒಣ ಹಲ್ಲಿನ ಕೆಲಸ. ಪ್ಯೂಮಿಸ್ ಪುಡಿಯಿಂದ ಉಜ್ಜಿ ತೊಳೆದು, ಕೆನ್ನೆ ಹಿಗ್ಗಿಸುವ ಚೌಕಟ್ಟು ಕೂರಿಸಿ, 37 ಶೇಕಡಾ ಫಾಸ್ಫಾರಿಕ್ ಆಮ್ಲದ ಜೆಲ್ಲನ್ನು ಸುಮಾರು 30 ಸೆಕೆಂಡು ಹಚ್ಚಿ, ಚೆನ್ನಾಗಿ ತೊಳೆದು ಗಾಳಿಯಿಂದ ಒಣಗಿಸಬೇಕು. ಆಗ ಹಲ್ಲಿನ ಹೊರಪದರವಾದ ಎನಾಮಲ್ ಸೀಮೆಸುಣ್ಣ ಹಚ್ಚಿದ ಬಿಳುಪಿಗೆ ತಿರುಗುತ್ತದೆ. ತಿರುಗದಿದ್ದರೆ ಮುಂದೆ ಹೋಗಬಾರದು. ಆ ಬಿಳಿ ಮೇಲ್ಮೈಗೆ ಒಂದು ತೊಟ್ಟು ಉಗುಳು ತಾಗಿದರೂ ಮತ್ತೆ ಆಮ್ಲದಿಂದಲೇ ಶುರುಮಾಡಬೇಕು; ಬ್ರ್ಯಾಕೆಟ್ ಕಳಚುವುದಕ್ಕೆ ಮುಖ್ಯ ಕಾರಣವೇ ಈ ತೇವ. ತೆಳುವಾಗಿ ಪ್ರೈಮರ್ ಸವರಿ, ಬ್ರ್ಯಾಕೆಟ್‌ನ ಬೆನ್ನಿನ ಬಲೆಗೆ ಕಾಂಪೋಸಿಟ್ ಅಂಟು ಮೆತ್ತಿ, ಹಲ್ಲಿನ ಉದ್ದದ ಗೆರೆಗೆ ಸರಿಯಾಗಿ, ತುದಿಯಿಂದ ಅಳೆದು ಒತ್ತಿ ಕೂರಿಸುತ್ತೇವೆ. ಸುತ್ತ ಉಕ್ಕಿ ಬಂದ ಅಂಟನ್ನು, ಅದನ್ನು ಗಟ್ಟಿಮಾಡುವ ಬೆಳಕು ಹಿಡಿಯುವ ಮೊದಲೇ ತೆಗೆಯಬೇಕು, ಇಲ್ಲದಿದ್ದರೆ ಮುಂದೆ ಕೊಳೆ ಕೂರುವುದು ಅಲ್ಲೇ. ಒಂದು ಬ್ರ್ಯಾಕೆಟ್ ಅರ್ಧ ಮಿಲಿಮೀಟರ್ ಓರೆ ಕೂತರೂ ಆ ಹಲ್ಲು ಅಷ್ಟೇ ಓರೆ ನಿಲ್ಲುತ್ತದೆ. ಆ ತಪ್ಪನ್ನು ತಂತಿ ಬಗ್ಗಿಸಿ ಮುಚ್ಚುವುದಕ್ಕಿಂತ ಬ್ರ್ಯಾಕೆಟ್ ತೆಗೆದು ಮರು ಅಂಟಿಸುವುದೇ ಲೇಸು.

ಮೊದಲ ತಂತಿ ನಿಕಲ್ ಟೈಟೇನಿಯಂನದು, ದುಂಡಗೆ, 0.014 ಇಂಚು ದಪ್ಪ ಅಥವಾ ಅದರ ಆಸುಪಾಸು. ಎಷ್ಟು ಬಗ್ಗಿಸಿದರೂ ಮೂಲ ಬಿಲ್ಲಿಗೇ ಮರಳುವುದು ಇದರ ಗುಣ.

ತಿಂಗಳು ತಿಂಗಳು

ಹಲ್ಲು ಮೂಳೆಗೆ ನೇರವಾಗಿ ಅಂಟಿಲ್ಲ. ಬೇರಿಗೂ ಮೂಳೆಗೂ ನಡುವೆ ಕಾಲು ಮಿಲಿಮೀಟರ್‌ನಷ್ಟು ತೆಳುವಾದ ನಾರಿನ ಪದರವಿದೆ, ಅದರಲ್ಲಿ ರಕ್ತನಾಳಗಳಿವೆ. ಹಗುರವಾಗಿ ತಳ್ಳಿದರೆ ಒತ್ತಡದ ಬದಿಯಲ್ಲಿ ಮೂಳೆ ಕರಗಿಸುವ ಕೋಶಗಳು, ಎಳೆತದ ಬದಿಯಲ್ಲಿ ಮೂಳೆ ಕಟ್ಟುವ ಕೋಶಗಳು ಕೆಲಸಕ್ಕಿಳಿಯುತ್ತವೆ. ಹಲ್ಲು ತನ್ನ ಗೂಡಿನೊಂದಿಗೇ ಸರಿಯುತ್ತದೆ. ಜೋರಾಗಿ ತಳ್ಳಿದರೆ ರಕ್ತನಾಳಗಳು ಒತ್ತಿಹೋಗಿ ಆ ಭಾಗದ ಕೋಶಗಳು ಸಾಯುತ್ತವೆ. ಸತ್ತ ಭಾಗವನ್ನು ಹಿಂದಿನಿಂದ ಕೊರೆದು ತೆರವು ಮಾಡುವವರೆಗೆ ಒಂದೆರಡು ವಾರ ಹಲ್ಲು ಕದಲುವುದೇ ಇಲ್ಲ, ನೋವು ಹೆಚ್ಚು, ಬೇರು ಕರಗುವ ಅಪಾಯವೂ ಹೆಚ್ಚು. ಹಲ್ಲನ್ನು ವಾಲಿಸಲು 35ರಿಂದ 60 ಗ್ರಾಂ, ಬೇರುಸಮೇತ ಸರಿಸಲು 70ರಿಂದ 120 ಗ್ರಾಂ, ಒಳಕ್ಕೆ ಒತ್ತಲು 10ರಿಂದ 20 ಗ್ರಾಂ ಸಾಕು. "ಸ್ವಲ್ಪ ಬಿಗಿ ಮಾಡಿ, ಬೇಗ ಮುಗೀಲಿ" ಎನ್ನುವವರಿಗೆ ಈ ಅಂಕಿಗಳನ್ನೇ ಹೇಳಬೇಕು.

ನೋವು ತಂತಿ ಹಾಕಿದ ಕೆಲವು ಗಂಟೆಗೆ ಶುರುವಾಗಿ, ಮರುದಿನ ಏರಿ, ಒಂದು ವಾರದೊಳಗೆ ಇಳಿಯುತ್ತದೆ. ಮೆತ್ತಗಿನ ಊಟ, ಬೇಕಾದರೆ ಪ್ಯಾರಾಸಿಟಮಾಲ್, ಕೆನ್ನೆಗೆ ಚುಚ್ಚುವಲ್ಲಿ ಮೇಣ ಸಾಕು. ವಾರ ಕಳೆದರೂ ಒಂದೇ ಹಲ್ಲು ಮಿಡಿಯುತ್ತಿದ್ದರೆ ಅದು ತಂತಿಯ ನೋವಲ್ಲ, ತೋರಿಸಬೇಕು.

4ರಿಂದ 8 ವಾರಕ್ಕೊಮ್ಮೆ ಭೇಟಿ. ತಂತಿ ಹಂತಹಂತವಾಗಿ ದಪ್ಪವಾಗುತ್ತದೆ. ದುಂಡಗಿನದರಿಂದ ಚೌಕಕ್ಕೆ, ನಿಕಲ್ ಟೈಟೇನಿಯಂನಿಂದ ಸ್ಟೀಲಿಗೆ. ಬ್ರ್ಯಾಕೆಟ್‌ನ 0.022 ಇಂಚಿನ ಗೀರಿಗೆ 0.019 × 0.025ರ ಸ್ಟೀಲ್ ತಂತಿ ಸಲೀಸಾಗಿ ಕೂತ ಮೇಲೆಯೇ ಕಿತ್ತ ಹಲ್ಲಿನ ಜಾಗ ಮುಚ್ಚುವ ಕೆಲಸ. ತೆಳು ತಂತಿಯ ಮೇಲೆ ಎಳೆದರೆ ಹಲ್ಲುಗಳು ಖಾಲಿ ಜಾಗಕ್ಕೆ ಮುಗ್ಗರಿಸುತ್ತವೆ. ಜಾಗ ಮುಚ್ಚುವುದು ತಿಂಗಳಿಗೆ ಅರ್ಧದಿಂದ ಒಂದು ಮಿಲಿಮೀಟರ್. ಕಿರುದವಡೆ 7 ಮಿಲಿಮೀಟರ್ ಅಗಲ ಎಂದರೆ ಎಷ್ಟು ತಿಂಗಳು ಎಂದು ಯಾರಾದರೂ ಲೆಕ್ಕ ಹಾಕಬಹುದು. ಒಟ್ಟು ಚಿಕಿತ್ಸೆ 18ರಿಂದ 24 ತಿಂಗಳು, ಹಲ್ಲು ಕಿತ್ತಿದ್ದರೆ ಇನ್ನೂ ಕೆಲವು ತಿಂಗಳು.

ಕೊಕ್ಕೆಯಿಂದ ಕೊಕ್ಕೆಗೆ ಹಾಕುವ ರಬ್ಬರ್ ಬ್ಯಾಂಡಿನ ಹಂತದಲ್ಲಿ ಚಿಕಿತ್ಸೆಯ ವೇಗ ಪೂರ್ತಿ ಮಗುವಿನ ಕೈಯಲ್ಲಿದೆ. ಊಟ, ಹಲ್ಲುಜ್ಜುವ ಹೊತ್ತು ಬಿಟ್ಟು ದಿನವಿಡೀ ಇರಬೇಕು, ದಿನಾ ಹೊಸದು ಹಾಕಬೇಕು. ಒಂದು ದಿನ ಮರೆತರೆ ಮರುದಿನ ಎರಡೆರಡು ಹಾಕುವುದು ತಪ್ಪು. ಬಲ ದುಪ್ಪಟ್ಟಾಗುತ್ತದೆ, ಕಳೆದ ದಿನ ಮರಳುವುದಿಲ್ಲ.

ಎಲ್ಲಕ್ಕಿಂತ ಬೇಸರ ತರುವ ಹಾನಿ ಬ್ರ್ಯಾಕೆಟ್ ಸುತ್ತ ಬೀಳುವ ಬಿಳಿ ಕಲೆ. ಕೊಳೆ ನಿಂತಲ್ಲಿ ನಾಲ್ಕೇ ವಾರದಲ್ಲಿ ಎನಾಮಲ್ ಸೊರಗಿ ಕಲೆ ಕಾಣಬಹುದು, ಕ್ಲಿಪ್ ಬಿಚ್ಚಿದ ಮೇಲೂ ಉಳಿಯಬಹುದು. ಬ್ರಷ್ಷನ್ನು ತಂತಿಯ ಮೇಲಿನಿಂದ ಕೆಳಮುಖವಾಗಿ, ಮತ್ತೆ ಕೆಳಗಿನಿಂದ ಮೇಲ್ಮುಖವಾಗಿ ಓರೆ ಹಿಡಿದು ಉಜ್ಜಬೇಕು. ತಂತಿಯ ಅಡಿಗೆ ಸಂದಿ ಬ್ರಷ್. ಫ್ಲೋರೈಡ್ ಇರುವ ಪೇಸ್ಟ್ ಇರಲಿ; ಉಗುಳಿದ ಮೇಲೆ ಬಾಯಿ ತೊಳೆದು ಅದನ್ನು ಕಳೆಯಬೇಡಿ. ದಿನವಿಡೀ ಸಿಹಿ ಪಾನೀಯ ಹೀರುವ ಅಭ್ಯಾಸವಿದ್ದರೆ ಎಷ್ಟು ಉಜ್ಜಿದರೂ ಸಾಲದು. ಮೂರು ನಾಲ್ಕು ಭೇಟಿಗೂ ಒಸಡು ಊದಿಕೊಂಡೇ ಇದ್ದರೆ ತಂತಿ ಬಿಚ್ಚಿ ಕೆಲಸ ನಿಲ್ಲಿಸುವುದು ವೈದ್ಯರ ಕರ್ತವ್ಯ, ಮನೆಯವರು ಅದಕ್ಕೆ ಬೇಸರಪಡಬಾರದು.

ತಂತಿಯ ಬದಲು ಹಲ್ಲಿನ ಮೇಲೆ ಕೂರಿಸುವ ಪಾರದರ್ಶಕ ಅಲೈನರ್‌ಗೂ ಈ ಜೀವಶಾಸ್ತ್ರವೇ ಅನ್ವಯ. ಒಂದೊಂದು ತಟ್ಟೆ ಸುಮಾರು ಕಾಲು ಮಿಲಿಮೀಟರ್ ಸರಿಸುತ್ತದೆ, ದಿನಕ್ಕೆ 20ರಿಂದ 22 ಗಂಟೆ ಬಾಯಲ್ಲಿರಬೇಕು. ಸಣ್ಣ ಇಕ್ಕಟ್ಟು, ಸಂದುಗಳಿಗೆ ಚೆನ್ನ. ದುಂಡಗಿನ ಕೋರೆ, ಕಿರುದವಡೆಗಳನ್ನು ತಿರುಗಿಸುವುದು, ಹಲ್ಲನ್ನು ಕೆಳಕ್ಕೆ ಎಳೆಯುವುದು ಇದಕ್ಕೆ ಕಷ್ಟ.

ಬಿಚ್ಚಿದ ಮೇಲೆ

ಕ್ಲಿಪ್ ಬಿಚ್ಚುವ ದಿನ ಹಲ್ಲುಗಳು ತುಸು ಅಲ್ಲಾಡುತ್ತಲೇ ಇರುತ್ತವೆ. ಬೇರಿನ ಸುತ್ತಲ ನಾರುಗಳು ಹೊಸದಾಗಿ ಹೆಣೆದುಕೊಳ್ಳಲು ಮೂರು ನಾಲ್ಕು ತಿಂಗಳು ಬೇಕು. ಒಸಡಿನ ಹಿಗ್ಗುವ ನಾರುಗಳು ಒಂದು ವರ್ಷವಾದರೂ ಹಳೆಯ ದಿಕ್ಕಿಗೇ ಎಳೆಯುತ್ತವೆ. ತಿರುಚಿಕೊಂಡಿದ್ದ ಹಲ್ಲುಗಳೇ ಮೊದಲು ಹಿಂದಿರುಗಲು ನೋಡುವುದು. ಆದ್ದರಿಂದ ಬಿಚ್ಚಿದ ದಿನವೇ, ತಪ್ಪಿದರೆ ಮರುದಿನ, ಸಾಲನ್ನು ಹಿಡಿದಿಡುವ ರಿಟೇನರ್ ಕೈಗೆ ಬರಬೇಕು. ಮೊದಲ ಕೆಲವು ತಿಂಗಳು ಊಟದ ಹೊತ್ತು ಬಿಟ್ಟು ಸದಾ, ಆಮೇಲೆ ರಾತ್ರಿ ಮಾತ್ರ. ಸಾಲು ಹೀಗೇ ಇರಬೇಕು ಎನ್ನುವಷ್ಟು ಕಾಲ ರಾತ್ರಿಯ ಅಭ್ಯಾಸ ಮುಂದುವರಿಯಬೇಕು. ಕೆಳಬಾಚಿಗಳು ಜೀವನದುದ್ದಕ್ಕೂ ಇಕ್ಕಟ್ಟಾಗುತ್ತಾ ಹೋಗುವುದು ಕ್ಲಿಪ್ ಹಾಕಿಸದವರಲ್ಲೂ ಸಾಮಾನ್ಯ, ಬುದ್ಧಿಹಲ್ಲೇ ಇಲ್ಲದವರಲ್ಲೂ ಸಾಮಾನ್ಯ. ಸಾಲು ಕೆಡದಿರಲಿ ಎಂಬ ಒಂದೇ ಕಾರಣಕ್ಕೆ ಬುದ್ಧಿಹಲ್ಲು ತೆಗೆಸುವುದರಲ್ಲಿ ಅರ್ಥವಿಲ್ಲ.

ತಟ್ಟೆಯಂಥ ಪಾರದರ್ಶಕ ರಿಟೇನರನ್ನು ತಣ್ಣೀರಿನಲ್ಲೇ ತೊಳೆಯಬೇಕು, ಬಿಸಿನೀರು ಅದರ ಆಕಾರ ಕೆಡಿಸುತ್ತದೆ. ಕೆಲವು ದಿನ ಬಿಟ್ಟು ಹಾಕಿದಾಗ ಬಿಗಿಯಾಗಿದ್ದರೂ ಪೂರ್ತಿ ಕೂತರೆ, ರಾತ್ರಿ ಹಗಲು ಹಾಕಿ ಮತ್ತೆ ಹಿಡಿತಕ್ಕೆ ತರಬಹುದು. ಅರ್ಧಕ್ಕೇ ನಿಂತರೆ ಒತ್ತಿ ಕೂರಿಸಬೇಡಿ. ಹಲ್ಲಿನ ಹಿಂದೆ ಅಂಟಿಸಿದ ತಂತಿಯಾದರೆ ತಿಂಗಳಿಗೊಮ್ಮೆ ಕನ್ನಡಿ ಹಿಡಿದು, ಉಗುರಿನ ತುದಿಯಿಂದ ಒಂದೊಂದೇ ಹಲ್ಲಿನ ಅಂಟನ್ನು ತಟ್ಟಿ ನೋಡಿ. ಒಂದು ಹಲ್ಲಿನಲ್ಲಿ ಅಂಟು ಬಿಟ್ಟಿದ್ದರೂ ತಂತಿ ಉಳಿದವುಗಳಿಗೆ ಹಿಡಿದೇ ಇರುವುದರಿಂದ ನೋವಾಗುವುದಿಲ್ಲ, ಗೊತ್ತೂ ಆಗುವುದಿಲ್ಲ. ಅಷ್ಟರಲ್ಲಿ ಆ ಒಂದು ಹಲ್ಲು ತಿರುಗಿರುತ್ತದೆ. ಬಿಟ್ಟದ್ದು ಕಂಡ ವಾರದಲ್ಲೇ ಮರು ಅಂಟಿಸಿದರೆ ಅದು ಕೆಲವೇ ನಿಮಿಷದ ಕೆಲಸ.